ಮೂರನೆಯ ಏಟು

ಬಿಸಿಲಿಗೆ ದೊರೆಯ ಕತ್ತು ಹಣ್ಣು ಮೆಣಸಿನಕಾಯಿ ಆಗಿದೆ, ಮೇಲೆ ಆ ಬೆಂಡಿನ ಟೋಪಿ ಬೇರೆ, ಕುಡಿಯಲಿ, ಇನ್ನೂ ಕುಡಿಯಲಿ, ಹೊಟ್ಟೆಗೆ ನೀರು ಹಿಡಿದು ಇಲ್ಲೇ ಕೂತುಬಿಡಲಿ ಎಂದುಕೊಳ್ಳುತ್ತ ಹಂಪಮ್ಮ ತಾಮ್ರದ ಬಿಂದಿಗೆ ಬಗ್ಗಿಸಿದಳು, ಅವನು ಬೊಗಸೆಯೊಡ್ಡಿ ಕುಡಿದು ಮೀಸೆ ಒರೆಸಿಕೊಂಡು ಮತ್ತೆ ಎದ್ದೇ ಬಿಟ್ಟ, ಥೂ, ಮುದುಕನ ಕಾಲಿಗೆ ಏನು ಕಸುವು— ಕುರುಗೋಡಿನ ಕೋಟೆಯ ಮೇಲಿನ ಬಾಗಿಲೂ ದಾಟಿಯಾಯಿತು, ಇನ್ನು ಉಳಿದದ್ದು ಎಷ್ಟು, ಆ ಬಂಡೆಯ ಮರೆ ತಿರುಗಿದರೆ ದುರುಗಮ್ಮನ ಕಲ್ಲು, ಕಲ್ಲಿನ ಬೆನ್ನಿಗೆ ಗವಿ, ಗವಿಯೊಳಗೆ ಎರ್ರೆಪ್ಪ. ಅವಳ ತಮ್ಮ. ಬಳ್ಳಾರಿ ಹಾದಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ರಾತ್ರೋರಾತ್ರಿ ಅಕ್ಕನ ಊರಿಗೆ ಓಡಿಬಂದವನು, ಗಾಂಧೀ ಮಾತು ಕೇಳೀನಿ ಯಕ್ಕಾ ಅಂದವನು, ಅಯ್ಯೋ ಹುಚ್ಚಪ್ಪ, ಗಾಂಧಿ ಯಾವಾಗ ಅಂದರೋ ತಂತಿ ಕಡಿ ಅಂತ. ಅವನನ್ನೇ ಹುಡುಕಲು ಬಂದ ದಫೇದಾರ ಈಗ ಹೆಗಲಿಗೆ ಬಂದೂಕು, ಕೈಯಲ್ಲಿ ಲಾಠಿ ಹಿಡಿದು ಅವಳ ಹಿಂದೆಯೇ ಬೀಡಿ ಎಳೆಯುತ್ತ ಏರುತ್ತಿದ್ದಾನೆ, ಅವಳೇ ಅಕ್ಕ ಎಂದು ಇನ್ನೂ ಗೊತ್ತಿಲ್ಲ ಅವನಿಗೆ, ಎರಡು ದಿನದಿಂದ ಊರ ಚಾವಡಿಯಲ್ಲೇ ಠಿಕಾಣಿ, ಸಿಕ್ಕಲ್ಲೇ ಗುಂಡು ಹಾಕಾಕ ಹುಕುಂ ಐತಿ ಎಂದು ತೊಡೆ ತಟ್ಟಿದ್ದು ಅವಳ ಕಿವಿಗೇ ಬಿದ್ದಿದೆ, ಇವತ್ತು ಬಿಳಿ ದೊರೆಗೆ ಕಾವಲಾಗಿ ಬಂದಿದ್ದಾನೆ, ಗಲಾಟೆ ಕಾಲ, ಒಬ್ಬನೇ ಗುಡ್ಡ ಹತ್ತಬಾರದಂತೆ. ದೊರೆ ಇಂಗ್ಲಿಷರವನಲ್ಲ, ಫ್ರಾನ್ಸ್ ದೇಶದವನು, ತೆಲುಗು ಸೀಮೆಯ ಯಾನಾಮಿನಲ್ಲಿ ಹತ್ತಾರು ವರ್ಷ ಇದ್ದು ತೆಲುಗು ಕಲಿತವನು, ಮಾ ಊರ್ಲೋ ಕೂಡಾ ಕೋಟ ಉಂದಿ ಅನ್ನುತ್ತಾನೆ, ಅವನ ಊರಲ್ಲೂ ಹೀಗೇ ಗುಡ್ಡದ ತಲೆಯ ಮೇಲೆ ಹಳೇ ರಾಜರ ಕೋಟೆಯಂತೆ, ಅದರ ಬುಡದಲ್ಲಿ ಗವಿಗಳಂತೆ, ರಾಜರು ಹುಟ್ಟುವ ಮೊದಲಿನ ಜನ ಅವುಗಳ ಗೋಡೆಗೆ ಎತ್ತು ಬರೆದಿದ್ದಾರಂತೆ, ಹೇಳುವಾಗ ಅವನ ಕಣ್ಣಲ್ಲಿ ನೀರು. ಅವನ ಊರಲ್ಲೀಗ ಜರ್ಮನಿ ದಂಡು ಕೂತಿದೆಯಂತೆ, ಹೋಗುವ ಹಾಗಿಲ್ಲ. ಕೆಟ್ಟವನಲ್ಲ ಪಾಪ, ಕೆಟ್ಟವನಾಗಿದ್ದರೆ ಬೈಯುವುದಾದರೂ ಸಲೀಸಿತ್ತು.

ನೀರು ಹೊರಲು ಬರುತ್ತೇನೆಂದು ಅವಳೇ ಮುಂದೆ ಬಿದ್ದು ಬಂದದ್ದು, ಹಾದಿ ತಪ್ಪಿಸಿ ಕೆಳಗಿನ ಕೊಳದ ಕಡೆ ಕರೆದೊಯ್ಯೋಣವೆಂದು, ಆದರೆ ಪೂಜಾರಿ ಗವಿಸಿದ್ದಪ್ಪ ಇದ್ದಾನಲ್ಲ, ಕೇಳದಿದ್ದರೂ ಹೇಳುವ ಬಾಯಿ, ದೊರೀ, ಕೊಳ ಏನು ನೋಡ್ತೀರಿ, ನಮ್ಮ ತಾಯಿ ಕಲ್ಲು ನೋಡಬರ್ರಿ, ಬಡಿದ್ರ ಗಂಟಿ ಬಾರಿಸಿದಂಗ ಹಾಡ್ತೈತಿ ಅಂದುಬಿಟ್ಟ, ದೊರೆ ಅಲ್ಲೇ ಕುಣಿದುಬಿಟ್ಟ. ಒಂದು ಏಟು ಪರವಾಗಿಲ್ಲ, ಯಾರೇ ಹತ್ತಿ ಬಂದರೂ ತಾಯಿಗೆ ಬಂದೆ ಅನ್ನಲು ಒಂದು ಏಟು ಹಾಕುತ್ತಾರೆ, ದನ ಕಾಯುವವರು, ಕಟ್ಟಿಗೆಯವರು ಎಲ್ಲರೂ, ಒಂದು ಕೇಳಿದರೆ ಎರ್ರೆಪ್ಪ ಉಸಿರು ಬಿಗಿಹಿಡಿದು ಒಳಗೇ ಇರುತ್ತಾನೆ. ಮೂರು ಅಂದರೆ ಅಕ್ಕ. ಮೂರು ಅಂದರೆ ರೊಟ್ಟಿ. ಅವಳೇ ಹೇಳಿಕೊಟ್ಟದ್ದು, ಗವಿಯ ಹೊಟ್ಟೆಗೆ ಮಾತು ಇಳಿಯುವುದಿಲ್ಲ, ಕೂಗಿದರೂ ಕೇಳದು, ಕಲ್ಲಿನ ದನಿ ಮಾತ್ರ ಬಂಡೆಯೊಳಗೇ ಹರಿದು ಹೋಗುತ್ತದೆ, ಮೂರು ಏಟು ಬಿದ್ದರೆ ಬಿರುಕಿನಿಂದ ಕೈ ಚಾಚು ತಮ್ಮ, ಮುಖ ತೋರಿಸಬೇಡ, ಬರೀ ಕೈ— ಆ ಕೈ, ಅಂಗೈ ಮೇಲೆ ಮಾಡಿಕೊಂಡು ಕತ್ತಲಿಂದ ಬರುವ ಆ ಕೈ, ತವರೂರು ಮೋಕದ ಮನೆಯಲ್ಲಿ ಅವ್ವ ಸತ್ತ ವರ್ಷವೂ ಹಾಗೇ ಚಾಚುತ್ತಿತ್ತು, ಅಡುಗೆಮನೆಯ ಕದದ ಸಂದಿನಿಂದ, ಯಕ್ಕಾ ಕೊಡು, ಬಿಸೀದು ಕೊಡು, ತಾಳಲೇ ಕೈ ಸುಟ್ಟೀತು ಎಂದು ಗದರಿದರೂ ಬೆರಳು ಆಡಿಸುತ್ತಿತ್ತು, ಎರಡು ದಿನವಾಯಿತು ಈ ದಫೇದಾರನ ಕಣ್ಣು ತಪ್ಪಿಸಿ ಮೇಲೆ ಬರಲಾಗದೆ, ಎರಡು ದಿನ ಒಣಗಿದ ಹೊಟ್ಟೆ, ಮೂರು ಕೇಳಿತೋ ಓಡಿಯೇ ಬಂದಾನು. ಗಂಡನಾದರೂ ಇದ್ದಿದ್ದರೆ, ಅವನು ಸಿರುಗುಪ್ಪದ ಗದ್ದೆ ಕೆಲಸಕ್ಕೆ ಹೋಗಿ ಕೂತಿದ್ದಾನೆ, ಇದ್ದರೂ ಹೇಳುತ್ತಿರಲಿಲ್ಲ, ಅವನ ಹೊಟ್ಟೆಯಲ್ಲಿ ಮಾತು ನಿಲ್ಲದು.

ಅಗೋ ಕಲ್ಲು, ಕರಿ ಬಂಡೆಯ ಮೇಲೆ ಅದು, ಮೈತುಂಬ ಬಡಿದು ಬಡಿದು ಬೆಳ್ಳಗಾದ ಗುಳಿ, ಸುತ್ತ ಉದ್ದ ಕೋಡಿನ ಎತ್ತುಗಳು, ಯಾವ ಕಾಲದವರು ಕೆತ್ತಿದರೋ, ದೊರೆ ಟೋಪಿ ತೆಗೆದು ಮೊಣಕಾಲೂರಿ ಒಂದೊಂದು ಎತ್ತಿನ ಬೆನ್ನನ್ನೂ ಬೆರಳಲ್ಲಿ ಸವರುತ್ತಾನೆ, ಅಳುತ್ತಾನೋ ನಗುತ್ತಾನೋ, ಸವರಪ್ಪ, ಹೊತ್ತು ಮುಳುಗುವತನಕ ಸವರು, ಕಲ್ಲು ಮಾತ್ರ ಬಡಿಯಬೇಡ. ಬಡೀರಿ ದೊರೀ ಎಂದ ಗವಿಸಿದ್ದಪ್ಪ, ನಿನ್ನ ಬಾಯಿಗೆ ಮಣ್ಣು ಹಾಕ. ದೊರೆ ಚೀಲದಿಂದ ಸಣ್ಣ ಸುತ್ತಿಗೆ ತೆಗೆದ. ಠಣ್— ಒಂದು. ಗುಡ್ಡವೆಲ್ಲ ಮಿಡಿಯಿತು, ಅವಳ ಹಲ್ಲು ಮಿಡಿಯಿತು, ದಫೇದಾರ ಭಲೇ ಎಂದ, ಆಯಿತು, ಕೇಳಿಯಾಯಿತಲ್ಲ, ನಡೀರಿ ಇನ್ನ, ಬಿಸಿಲು ಏರಾಕತ್ತೈತಿ ಎಂದು ಅವಳು ಎಲ್ಲರಿಗೂ ಸೇರಿಸಿ ಅಂದಳು, ಯಾರು ಕೇಳುತ್ತಾರೆ ನೀರು ಹೊರುವವಳ ಮಾತು, ದೊರೆ ಕಲ್ಲಿಗೆ ಕಿವಿ ಹಚ್ಚಿ ಮಳ್ಳೀ, ಮಳ್ಳೀ ಅನ್ನುತ್ತಾನೆ, ಮತ್ತೆ ಅಂತೆ, ಠಣ್— ಎರಡು. ಒಳಗೆ ಅವನು ಎದ್ದು ಕೂತಿರುತ್ತಾನೆ, ಎರಡು ಯಾರೂ ಹೊಡೆಯುವುದಿಲ್ಲ, ಮೂರಕ್ಕೇ ಕಾಯುತ್ತಿರುತ್ತಾನೆ, ಬಿರುಕಿನ ಕತ್ತಲು ನೋಡಬೇಡ ಹಂಪಿ, ನೀನು ನೋಡಿದರೆ ದಫೇದಾರನೂ ನೋಡುತ್ತಾನೆ, ಸುತ್ತಿಗೆ ಮೇಲೆದ್ದಿತು, ಬಿಸಿಲಲ್ಲಿ ಮಿನುಗಿತು, ದುರುಗಮ್ಮಾ ಏನು ಮಾಡಲಿ, ಏನು, ಏನು— ಅವಳ ಎರಡೂ ಕೈ ಕಲ್ಲಿನ ಮೇಲೆ ಹೋಗಿ ಬಿದ್ದವು, ಬಡೀಬ್ಯಾಡ್ರಿ! ನಾ ಮುಟ್ಟಾಗೀನ್ರಿ, ಕಲ್ಲು ಮುಟ್ಟಿಬಿಟ್ಟೀನಿ!

ಸುತ್ತಿಗೆ ಅಲ್ಲೇ ನಿಂತಿತು. ಗಂಡಸರ ಮುಂದೆ ಹೇಳುವ ಮಾತೇ ಅದು, ನಾಚಿಕೆಗೆ ಕಿವಿ ಉರಿಯಿತು, ಉರಿಯಲಿ, ನಾಳೆ ಊರೆಲ್ಲ ಉಗಿಯಲಿ, ದಂಡ ಹಾಕಲಿ, ದಫೇದಾರ ಎರಡು ಹೆಜ್ಜೆ ಹಿಂದೆ ಹಾರಿ ಹಲ್ಕಾ ಹೆಂಗಸೇ, ನಿನ್ನ ಕೈಯಾನ ನೀರು ಕುಡಿದೀನಲ್ಲೇ ಎಂದು ಉಗುಳಿದ, ಉಗುಳು, ಗೆದ್ದೆ, ಗೆದ್ದೆ ತಮ್ಮ, ಮೋಕದಲ್ಲಿ ಹೀಗಾದರೆ ಗುಡಿಯ ಕದ ಹಾಕಿ ಮರುದಿನದವರೆಗೆ ಯಾರೂ ಗಂಟೆ ಮುಟ್ಟುವುದಿಲ್ಲ, ಇಳಿದು ಹೋಗುತ್ತಾರೆ ಇನ್ನು, ಎಲ್ಲರೂ ಇಳಿದು ಹೋಗುತ್ತಾರೆ. ದೊರೆ ಏನಾಯಿತು ಎಂದು ಕೇಳುತ್ತ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. ಗವಿಸಿದ್ದಪ್ಪ ಮಾತ್ರ ಕದಲಲಿಲ್ಲ. ಕಡೀಕ ಸರಿಯವ್ವ ಎಂದ, ಬೈಯಲೂ ಇಲ್ಲ, ಬಿಂದಿಗೆ ಅಲ್ಲೇ ಬಿಟ್ಟು ತನ್ನ ಸೊಂಟದ ಬುರುಡೆಯ ನೀರನ್ನೇ ಕಲ್ಲಿಗೆ ಚಿಮುಕಿಸಿದ, ಭಂಡಾರ ಹಚ್ಚಿದ, ನೀ ಹೊರಗಿನಾಕಿ, ನಿನಗ ಗೊತ್ತಿಲ್ಲ, ನಮ್ಮ ತಾಯಿ ಮುನಿಸಿಕೊಂಡು ಕದ ಹಾಕ್ಕೊಳ್ಳಾಕಿ ಅಲ್ಲ, ತಪ್ಪಾತವ್ವ ಅಂತ ಆಗಿಂದಾಗ ಕಲ್ಲು ಬಡಿದು ಹೇಳಬೇಕು. ಎಷ್ಟು ಸರ್ತಿ ಮಾವ, ಎಂದಳು. ಮೂರು, ಎಂದ.

ಬ್ಯಾಡ ಮಾವ, ನಾಳಿ ಬಡಿಯೋಣು, ನಾನ ಕೋಳಿ ಕೊಡ್ತೀನಿ, ತಾಯಿಗೆ ಸೀರಿ ಉಡಸ್ತೀನಿ— ಸರೀಲೇ ಅತ್ತ, ದಫೇದಾರ ಲಾಠಿಯಿಂದ ಅವಳ ಭುಜ ತಳ್ಳಿ ಬಂಡೆಗೆ ಆನಿಸಿ ಹಿಡಿದ, ಪೂಜಾರಿ ನೆಲದಿಂದ ದುಂಡುಗಲ್ಲು ಆರಿಸಿಕೊಂಡ, ಠಣ್, ಹೇಳಿಬಿಡಲೇ, ಸುಳ್ಳು ಹೇಳಿದೆ, ನಾನು ಮುಟ್ಟಾಗಿಲ್ಲ ಅಂದುಬಿಡಲೇ, ಅಂದರೆ ಯಾಕೆ ಸುಳ್ಳು ಹೇಳಿದೆ ಎಂದು ಈ ಲಾಠಿ ಕೇಳುತ್ತದೆ, ಠಣ್, ಕಾಲಲ್ಲಿ ಬಿಂದಿಗೆ ಒದ್ದಳು, ಗಲಗಲ ಉರುಳಿ ಇಳಿಜಾರಿಗೆ ಬಿತ್ತು, ಕೇಳು ಎರ್ರಿ, ಇದು ಬೇರೆ ಸಪ್ಪಳ, ಇದು ರೊಟ್ಟಿಯದಲ್ಲ, ಅಕ್ಕನದಲ್ಲ, ಲೆಕ್ಕ ತಪ್ಪಿಸಿಕೋ ಮಗನೇ, ಬಿಂದಿಗೆಯ ಸದ್ದು ಅಡಗಿತು, ತಪ್ಪಾತವ್ವ ತಾಯೀ ಎಂದು ಗವಿಸಿದ್ದಪ್ಪ ಕಲ್ಲೆತ್ತಿದ, ಠಣ್— ದೊರೆ ಆಹಾ ಎಂದು ಕಣ್ಣು ಮುಚ್ಚಿಕೊಂಡ, ದನಿ ಬಂಡೆಯೊಳಗೆ ಇಳಿಯುತ್ತಾ ಹೋಯಿತು, ಇಳಿಯುತ್ತಾ, ಆಮೇಲೆ ಏನೂ ಇಲ್ಲ, ಮಲಗಿರಲಿ ತಾಯಿ, ಹಸಿವಿಗೆ ಕಣ್ಣು ಕತ್ತಲೆಗಟ್ಟಿ ಬಿದ್ದಿರಲಿ, ಎದ್ದಿದ್ದರೂ— ಬಿರುಕಿನಲ್ಲಿ ಒಂದು ಬೆರಳು, ಆಮೇಲೆ ಎರಡು, ಭುಜದ ಮೇಲಿನ ಲಾಠಿ ಸಡಿಲಾಯಿತು, ಬೀಡಿ ನೆಲಕ್ಕೆ ಬಿತ್ತು, ಅಂಗೈ, ಮೇಲ್ಮುಖದ ಅಂಗೈ, ಮಣ್ಣು ಮೆತ್ತಿದ್ದು, ಬೆರಳು ಆಡಿಸುತ್ತ ಕೈ, ಯಕ್ಕಾ ಕೊಡು ಅನ್ನುವ ಕೈ, ಕೈ—