ಒಂದಿಂಚು ಹೆಚ್ಚಾದ ಬೀರು

ಹಲಗೆಗೆ ಹನ್ನೊಂದು ಅಂಗಿ, ಬಡಗಿಯ ಕೂಲಿಗೆ ಏಳು, ಕೀಲು ಮೊಳೆ ಅಂಟಿಗೆಂದು ಇನ್ನೆರಡು. ದೊಡ್ಡ ಸೊಸೆ ಲೆಕ್ಕ ಹಾಕುವುದೇ ಹಾಗೆ. ಅವಳು ದರ್ಜಿ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಅಂಗಿ ಹೊಲಿಯುವವಳು. ಯಾವ ಸಾಮಾನಿನ ಬೆಲೆ ಕೇಳಿದರೂ ಅದಕ್ಕೆ ಎಷ್ಟು ಅಂಗಿ ಹೊಲಿಯಬೇಕು ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಾಳೆ. ಬಚ್ಚಲಿಗೊಂದು ಬೀರು ಮಾಡಿಸಲು ಇಪ್ಪತ್ತು ಅಂಗಿ ದುಬಾರಿಯೇ. ಆದರೆ ಅತ್ತೆ ಈ ಮನೆಯಲ್ಲಿ ಉಳಿಯಬೇಕಾದರೆ ಬೀರು ಆಗಲೇಬೇಕಿತ್ತು.

ಅತ್ತೆ ಹೋದ ತಿಂಗಳು ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡಿದ್ದರು. ಮೂಳೆ ಮುರಿದಿರಲಿಲ್ಲ, ಅಷ್ಟೇ ಪುಣ್ಯ. ಇನ್ನು ಮುಂದೆ ನಿಂತು ಸ್ನಾನ ಮಾಡಕೂಡದು, ಕೈಯಿರುವ ಕುರ್ಚಿ ಹಾಕಿಕೊಂಡು ಕೂತೇ ಮಾಡಬೇಕು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಕುರ್ಚಿಯೇನೋ ಬಂತು. ಅದನ್ನು ಇಡಲು ಬಚ್ಚಲಲ್ಲಿ ಜಾಗವಿರಲಿಲ್ಲ. ಅದು ಎಂಥ ಬಚ್ಚಲೆಂದರೆ, ಬಗ್ಗಿ ನೀರು ಮೊಗೆಯುವವರ ತಲೆ ನಲ್ಲಿಗೆ ತಾಗುತ್ತಿತ್ತು, ಹಿಂಭಾಗ ಬಾಗಿಲಿಗೆ ತಾಗುತ್ತಿತ್ತು. ನೆಲದ ತುಂಬ ಸಾಬೂನು ಪುಡಿಯ ಡಬ್ಬ, ಪೊರಕೆ, ಮೈಲಿಗೆ ಬಟ್ಟೆಯ ಬುಟ್ಟಿ. ಇವೆಲ್ಲವನ್ನೂ ಮೀರಿ ಚಿಕ್ಕ ಸೊಸೆಯ ಬಾಟಲಿಗಳು. ಅವಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಅರ್ಧ ಖಾಲಿಯಾದದ್ದೆಲ್ಲ ಇಲ್ಲಿಗೆ ಬಂದು ಗೋಡೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿತ್ತು.

ಕೊನೆಗೆ ನಾದಿನಿ ಬಂದು ನೋಡಿ, ಬರುವ ಭಾನುವಾರದೊಳಗೆ ಅಮ್ಮನ ಕುರ್ಚಿಗೆ ಜಾಗವಾಗದಿದ್ದರೆ ತಾನು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಹೋದಳು. ಅತ್ತೆಗೆ ಮಗಳ ಮನೆಯೆಂದರೆ ಆಗದು. ಅದು ನಾಲ್ಕನೇ ಮಹಡಿ, ಹತ್ತಿದರೆ ಇಳಿಯುವಂತಿಲ್ಲ. ಅಳಿಯ ಊಟಕ್ಕೆ ಕೂತಾಗಲೂ ಟಿವಿ ಆರಿಸುವವನಲ್ಲ. ಇಲ್ಲಾದರೆ ಬೆಳಗ್ಗೆ ದೊಡ್ಡ ಸೊಸೆಯ ಮಿಷನ್ ಪಕ್ಕದಲ್ಲಿ ಕೂತು ಅಂಗಿಗಳಿಗೆ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ, ಬೀದಿಯಲ್ಲಿ ಹೋಗುವವರ ಮೇಲೆಲ್ಲ ಒಂದೊಂದು ಮಾತು ಆಡುತ್ತ ದಿನ ಕಳೆಯುತ್ತಿದ್ದರು. ಅತ್ತೆಯ ಕಾಜಾ ಎಂದರೆ ಮಿಷನ್ನಿನದಕ್ಕಿಂತ ಅಚ್ಚುಕಟ್ಟು.

ಬೇರೆಯವರಾದರೆ ಬಾಟಲಿ ಎತ್ತಿಡು ಎಂದರೆ ಎತ್ತಿಡುತ್ತಿದ್ದರು. ಚಿಕ್ಕ ಸೊಸೆ ಎತ್ತಲಿಲ್ಲ. ಅದಕ್ಕೆ ಕಾರಣವಿತ್ತು, ಆ ಕಾರಣ ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಒಂದು ದೊಡ್ಡ ಸೊಸೆಯದು, ಅದರಲ್ಲೇ ಮಿಷನ್, ಅದರಲ್ಲೇ ಮಂಚ. ಇನ್ನೊಂದು ಅತ್ತೆಯದು. ಚಿಕ್ಕ ಸೊಸೆ ಮತ್ತು ಅವಳ ಗಂಡ ಮದುವೆಯಾದಾಗಿನಿಂದ ಹಾಲಿನಲ್ಲಿ ಪರದೆ ಕಟ್ಟಿಕೊಂಡು ಮಲಗುತ್ತಿದ್ದರು. ಅತ್ತೆ ಹೋದರೆ ಕೋಣೆ ಖಾಲಿ. ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಬಾಟಲಿಗಳ ಸಾಲು ಮಾತ್ರ ದಿನದಿನಕ್ಕೂ ಉದ್ದವಾಗುತ್ತಿತ್ತು.

ಓರಗಿತ್ತಿಯರಿಬ್ಬರ ನಡುವೆ ಆಗ ಮಾತು ಎಂಬುದು ಮುಳ್ಳಿನ ಬೇಲಿಯಂತೆ ಇತ್ತು. ಗಂಡಂದಿರಿಬ್ಬರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ದೊಡ್ಡವನು ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಚಿಕ್ಕವನು ಹೆಂಗಸರ ದನಿ ಏರಿತೆಂದರೆ ಚಪ್ಪಲಿ ಹುಡುಕುತ್ತಿದ್ದ.

ಹೀಗಿರುವಾಗ ದೊಡ್ಡ ಸೊಸೆಯ ಕಣ್ಣಿಗೆ ಬಚ್ಚಲಿನ ಮೂಲೆ ಬಿತ್ತು. ಅಲ್ಲಿ ಕಟ್ಟಡದ ಕಂಬವೊಂದು ಒಳಕ್ಕೆ ಚಾಚಿಕೊಂಡಿತ್ತು. ಕಂಬಕ್ಕೂ ಗೋಡೆಗೂ ನಡುವೆ ಗೇಣಗಲದ ಸಂದು, ನೆಲದಿಂದ ಚಾವಣಿಯವರೆಗೆ, ಜೇಡರಬಲೆಯ ಹೊರತು ಬೇರೇನೂ ಇಲ್ಲದೆ ಬಿದ್ದಿತ್ತು. ಅಲ್ಲಿಗೆ ಉದ್ದನೆಯ ಸಣ್ಣ ಬೀರುವೊಂದನ್ನು ತೂರಿಸಿದರೆ ನೆಲದ ಮೇಲಿರುವುದೆಲ್ಲ ಗೋಡೆ ಹತ್ತುತ್ತದೆ, ಕುರ್ಚಿಯ ನಾಲ್ಕು ಕಾಲೂ ನೆಲಕ್ಕೆ ಊರುತ್ತವೆ. ಇನ್ನು ಚಿಕ್ಕವಳಿಗೆ ನೆಪ ಉಳಿಯುವುದಿಲ್ಲ.

ಬಡಗಿ ಅಳತೆಗೆ ಬಂದ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಚಿಕ್ಕ ಸೊಸೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗೆ ನೀರು ಬೀಳುವ ಸದ್ದು, ನಿಲ್ಲುವ ಸದ್ದು, ಮತ್ತೆ ಬೀಳುವ ಸದ್ದು. ಬಡಗಿ ಹಾಲಿನಲ್ಲಿ ನಿಂತ, ಕೂತ, ಮತ್ತೆ ನಿಂತ. ದೊಡ್ಡ ಸೊಸೆ ಬಾಗಿಲು ತಟ್ಟಿದರೆ, ತಲೆಗೆ ಎಣ್ಣೆ ಹಾಕಿಕೊಂಡಿದ್ದೇನೆ, ಜಿಡ್ಡು ಹೋಗುವವರೆಗೆ ಬರುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ಬಡಗಿಗೆ ಬೇಸರವಾಯಿತು. ಅಳತೆ ನೀವೇ ತೆಗೆದು ಹೇಳಿಬಿಡಿ, ನಿಮ್ಮದೂ ಅಳೆಯುವ ಕಸುಬೇ ಅಲ್ಲವೇ ಎಂದ. ದೊಡ್ಡ ಸೊಸೆಗೆ ಆ ಮಾತು ಹಿಡಿಸಿತು. ಇಷ್ಟು ವರ್ಷದಲ್ಲಿ ಅಳತೆ ತಪ್ಪಿ ಒಂದು ಚೂರು ಬಟ್ಟೆ ಹಾಳು ಮಾಡಿದವಳಲ್ಲ ಅವಳು.

ಚಿಕ್ಕವಳು ಕೆಲಸಕ್ಕೆ ಹೋದ ಮೇಲೆ ಟೇಪು ಹಿಡಿದು ಅಳೆದಳು. ಸಂದಿನ ಅಗಲ ಒಂಬತ್ತು ಇಂಚು. ಬಡಗಿಗೆ ಫೋನ್ ಮಾಡಿ ಹತ್ತು ಎಂದಳು. ಬೀರುವಿನ ಹೊರಮೈ ಅಳತೆಯೇ ತಾನೆ ಎಂದು ಅವನು ಕೇಳಿದ. ಹೌದಪ್ಪ, ಪೂರ್ತಿ ಹತ್ತು, ಕಮ್ಮಿ ಮಾಡಬೇಡ ಎಂದು ಒತ್ತಿ ಹೇಳಿದಳು.

ಶನಿವಾರ ಮಧ್ಯಾಹ್ನ ಬಡಗಿ ಬೀರುವನ್ನು ಹೆಗಲ ಮೇಲೆ ಹೊತ್ತು ತಂದ. ಒಳ್ಳೆಯ ಕೆಲಸ. ಐದು ಖಾನೆ, ನೀರು ಹಿಡಿಯದ ಬಣ್ಣ, ಬಾಗಿಲಿಗೆ ಪುಟ್ಟ ಹಿಡಿ. ಅವತ್ತು ಚಿಕ್ಕ ಸೊಸೆಗೆ ಸಂಜೆಯ ಪಾಳಿ, ಹಾಗಾಗಿ ಮನೆಯಲ್ಲೇ ಇದ್ದಳು. ಅವಳು ಗೋಡೆಗೊರಗಿ ಕೈಕಟ್ಟಿ ನಿಂತಳು. ಅತ್ತೆ ಊರುಗೋಲು ಹಿಡಿದು ಬಾಗಿಲ ಬಳಿಗೆ ಬಂದರು. ಬಡಗಿ ಬೀರುವನ್ನು ನಿಲ್ಲಿಸಿ, ಕಂಬದ ಮಗ್ಗುಲಿಗೆ ತಳ್ಳಿದ. ಅದು ಹೋಗಲಿಲ್ಲ. ಓರೆ ಮಾಡಿ ತಳ್ಳಿದ. ಹೋಗಲಿಲ್ಲ. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ತನ್ನ ಟೇಪಿನಿಂದ ಸಂದನ್ನು ಅಳೆದು, ದೊಡ್ಡ ಸೊಸೆಯ ಮುಖ ನೋಡಿದ.

"ಒಂಬತ್ತಿದೆಯಲ್ಲಮ್ಮ. ನೀವು ಹತ್ತು ಅಂದಿರಿ."

"ಒಂಬತ್ತೇ ಇರೋದು. ಆ ಕಡೆಗೆ ಅರ್ಧ, ಈ ಕಡೆಗೆ ಅರ್ಧ ಬಿಟ್ಟು ಹೇಳಿದೆ."

"ಯಾಕೆ ಬಿಟ್ಟಿರಿ?"

"ಹೊಲಿಗೆಗೆ," ಎಂದಳು ದೊಡ್ಡ ಸೊಸೆ. ಹೇಳಿದ ಮೇಲೆಯೇ ಅವಳಿಗೆ ತನ್ನ ತಪ್ಪು ಗೊತ್ತಾದದ್ದು.

ಬಡಗಿ ನಗಲಿಲ್ಲ, ಅದು ಅವನ ದೊಡ್ಡತನ. "ಮರನ ಒಳಗೆ ಮಡಚೋಕಾಗಲ್ಲಮ್ಮ," ಎಂದಷ್ಟೇ ಅಂದ. ಬಿಚ್ಚಿ ಕಿರಿದು ಮಾಡಬಹುದೇ ಎಂದರೆ, ಅಂಟು ಹಾಕಿ ಕೂಡಿಸಿದ್ದು, ಬಿಚ್ಚಿದರೆ ಹಲಗೆ ಸೀಳುತ್ತದೆ, ಹೊಸದೇ ಆಗಬೇಕು, ಅದೂ ತಾನು ಒಪ್ಪಿಕೊಂಡಿರುವ ಬೇರೆ ಕೆಲಸ ಮುಗಿದ ಮೇಲೆ ಎಂದ. ಕೂಲಿ ತೆಗೆದುಕೊಂಡು ಹೋದ. ನಾದಿನಿ ಬರುವುದು ಮಾರನೆಯ ಬೆಳಗ್ಗೆ.

ಚಿಕ್ಕ ಸೊಸೆ ಗೋಡೆ ಬಿಟ್ಟು ಮುಂದೆ ಬಂದಳು. ಬೀರುವಿನ ಸುತ್ತ ಒಂದು ಸುತ್ತು ಹಾಕಿ, "ಸ್ವಲ್ಪ ದಿನ ಊಟ ಬಿಡಿಸಿ ನೋಡಿ ಅಕ್ಕ, ಒಂದಿಂಚು ಇಳಿದರೂ ಇಳೀಬಹುದು," ಎಂದಳು. ಆಮೇಲೆ ದನಿ ಬದಲಿಸಿದಳು. "ನಿಮಗೆ ಅತ್ತೆ ಮೇಲೆ ಪ್ರೀತಿ ಅಂತ ಯಾರೂ ತಿಳ್ಕೊಂಡಿಲ್ಲ. ಕಾಜಾ ಹಾಕೋಕೆ ಸಂಬಳ ಇಲ್ಲದ ಆಳು ಹೋಗ್ತಾರಲ್ಲ ಅನ್ನೋದೇ ನಿಮ್ಮ ಸಂಕಟ."

ಅತ್ತೆಗೆ ಅದು ಕೇಳಿಸಿತು. ಅವರು ಊರುಗೋಲಿನ ಸದ್ದು ಮಾಡುತ್ತ ಕೋಣೆಗೆ ಹೋದರು. ಆ ಮಾತು ಪೂರಾ ಸುಳ್ಳಾಗಿದ್ದರೆ ದೊಡ್ಡ ಸೊಸೆ ತಿರುಗಿಸಿ ಹೊಡೆಯಬಹುದಿತ್ತು. ಕಳೆದ ವರ್ಷದಿಂದ ಅವಳ ಕಣ್ಣಿಗೆ ಸೂಜಿಯ ಕಿವಿ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತೆ ಹೋದರೆ ಅರ್ಧ ಕೆಲಸವೂ ಹೋಗುತ್ತಿತ್ತು. ಆದರೆ ಅತ್ತೆಯ ಮಾತಿಲ್ಲದೆ ಆ ಕೋಣೆಯಲ್ಲಿ ಮಿಷನ್ನಿನ ಸದ್ದೊಂದನ್ನೇ ಕೇಳುತ್ತ ಕೂರುವುದೂ ಅವಳಿಗೆ ಬೇಕಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಎಂದು ಅಳೆಯುವ ಟೇಪು ಅವಳ ಬಳಿ ಇರಲಿಲ್ಲ.

ಚಿಕ್ಕವಳು ಪಾರ್ಲರಿಗೆ ಹೋದಳು. ದೊಡ್ಡ ಸೊಸೆ ಹಾಲಿನ ನಡುವೆ ಎಡವಟ್ಟಾಗಿ ನಿಂತಿದ್ದ ಬೀರುವನ್ನು ನೋಡಿದಳು. ಇದನ್ನು ಎಲ್ಲಿ ಇಡಲಿ ಎಂದು ಯೋಚಿಸುತ್ತಿದ್ದವಳಿಗೆ ಹೊಳೆದದ್ದು ಬೇರೆಯೇ. ಬಚ್ಚಲಲ್ಲಿ ಸಾಮಾನು ಇಡಲು ಜಾಗ ಹುಡುಕಿ ಇಷ್ಟೆಲ್ಲ ರಂಪವಾಯಿತು. ಸಾಮಾನು ಬಚ್ಚಲಲ್ಲೇ ಇರಬೇಕೆಂದು ಹೇಳಿದವರು ಯಾರು?

ತನ್ನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜನ್ನು ಮಡಚಿ ಮಂಚದ ಹಿಂದೆ ಸೇರಿಸಿದಳು. ಅದರ ಜಾಗಕ್ಕೆ ಬೀರುವನ್ನು ಎಳೆದು ತಂದಳು. ಬಚ್ಚಲಲ್ಲಿದ್ದುದನ್ನೆಲ್ಲ ತಂದು ತುಂಬಿದಳು. ಮೇಲಿನ ಖಾನೆಗೆ ಗಂಡನ ರೇಜರು, ಕೆಳಗಿನದಕ್ಕೆ ಸಾಬೂನು ಪುಡಿ, ನಡುವಿನ ಎರಡು ಖಾನೆ ತುಂಬ ಬಾಟಲಿಗಳು. ಒಂದನ್ನೂ ಬೀಳಿಸಲಿಲ್ಲ, ಮುಚ್ಚಳ ಸಡಿಲವಿದ್ದದ್ದನ್ನು ಬಿಗಿಮಾಡಿಯೇ ಇಟ್ಟಳು. ಬಚ್ಚಲಲ್ಲಿ ಉಳಿದದ್ದು ಬಕೆಟ್ಟು, ಮಗ್ಗು ಮತ್ತು ಕುರ್ಚಿ. ಕುರ್ಚಿ ಕೂತಿತು, ಬಾಗಿಲೂ ಮುಚ್ಚಿತು.

ಭಾನುವಾರ ಬೆಳಗ್ಗೆ ಚಿಕ್ಕ ಸೊಸೆ ಬಚ್ಚಲಿಗೆ ಹೋದವಳು ಹಾಗೆಯೇ ತಿರುಗಿ ಬಂದಳು. ದೊಡ್ಡ ಸೊಸೆ ಮಿಷನ್ನಿನ ಮುಂದೆ ಕೂತಿದ್ದಳು.

"ನನ್ನ ಸಾಮಾನು ಮುಟ್ಟೋಕೆ ನಿಮಗೆ ಯಾರು ಅಧಿಕಾರ ಕೊಟ್ಟರು?"

"ಬಿಸಾಡಿಲ್ಲ, ಬೀರುವಿನಲ್ಲಿದೆ. ಬೇಕಾದಾಗ ತಗೊಂಡು ಹೋಗು, ಆದ ಮೇಲೆ ತಂದಿಡು. ನಾನೂ ಹಾಗೇ ಮಾಡ್ತೀನಿ."

"ಸ್ನಾನಕ್ಕೆ ಮುಂಚೆ ನಿಮ್ಮ ಬಾಗಿಲು ತಟ್ಟಬೇಕಾ ನಾನು?"

"ಬೇಡ. ನಿನ್ನ ಹತ್ತಿರ ಇಟ್ಕೋ."

"ನನ್ನ ಹತ್ತಿರ ಅಂದ್ರೆ ಎಲ್ಲಿ?" ಚಿಕ್ಕ ಸೊಸೆಯ ದನಿ ಏರಲಿಲ್ಲ, ಇಳಿಯಿತು. "ನಿಮಗೆ ಕೋಣೆ ಇದೆ, ಅವರಿಗೆ ಕೋಣೆ ಇದೆ. ಈ ಮನೇಲಿ ನಾನು ಚಿಲಕ ಹಾಕ್ಕೊಂಡು ನಿಲ್ಲೋಕೆ ಇದ್ದದ್ದು ಅದೊಂದೇ ಜಾಗ. ಅದನ್ನೂ ಬಳಿದು ಹಾಕಿದ್ರಿ."

ದೊಡ್ಡ ಸೊಸೆಯ ಕಾಲು ಮಿಷನ್ನಿನ ಮೇಲೆ ನಿಂತಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಆ ಲೆಕ್ಕ ಅವಳ ತಲೆಗೆ ಬಂದಿರಲಿಲ್ಲ. ಬಂದದ್ದು ಈಗ, ಆದರೆ ಈಗ ಸೋತರೆ ಅತ್ತೆ ಹೋಗುತ್ತಾರೆ. "ಬಚ್ಚಲಲ್ಲಿ ಮಾತ್ರ ಇಡಬೇಡ," ಎಂದು ಮತ್ತೆ ತುಳಿಯತೊಡಗಿದಳು.

ಚಿಕ್ಕ ಸೊಸೆ ಬೀರುವಿನ ಬಾಗಿಲು ತೆರೆದು ಬಾಟಲಿಗಳನ್ನು ತೋಳಿನ ತುಂಬ ಅಪ್ಪಿಕೊಂಡಳು. ಎರಡು ಮೂರು ಸಲ ಓಡಾಡಿ ಎಲ್ಲವನ್ನೂ ಬಚ್ಚಲಿಗೆ ಸಾಗಿಸಿ, ಕುರ್ಚಿಯ ಮೇಲೆ, ಕುರ್ಚಿಯ ಕೆಳಗೆ, ಹೊಸ್ತಿಲ ತನಕ ಜೋಡಿಸಿದಳು. ನಾದಿನಿ ಬಂದು ನೋಡಲಿ ಎಂಬುದೇ ಅವಳ ಉದ್ದೇಶ.

ಆಗ ಎದ್ದವರು ಅತ್ತೆ. ಟವೆಲು ಹೆಗಲಿಗೇರಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಚ್ಚಲಿನ ತನಕ ಹೋದರು. ಕುರ್ಚಿಯ ಮೇಲಿದ್ದ ಬಾಟಲಿಗಳನ್ನು ನೆಲಕ್ಕೆ ಸರಿಸಿ ಕೂತರು. ಆಮೇಲೆ ಊರುಗೋಲನ್ನು ತಿರುಗಿಸಿ ಹಿಡಿದು, ಬಾಗಿಲ ಸಂದಿನಿಂದ ಒಂದೊಂದೇ ಬಾಟಲಿಯನ್ನು ಹೊರಕ್ಕೆ ನೂಕತೊಡಗಿದರು. ಶಾಂಪೂ ಉರುಳಿ ಬಂತು. ಅದರ ಹಿಂದೆ ಎಣ್ಣೆ. ಅದರ ಹಿಂದೆ ಏನೋ ಗುಲಾಬಿ ಬಣ್ಣದ್ದು ಹಾಲಿನ ನಡುವೆ ಹೋಗಿ ಚಿಕ್ಕ ಸೊಸೆಯ ಕಾಲಿಗೆ ತಾಗಿ ನಿಂತಿತು.

"ಅತ್ತೆ, ಅದು ನನ್ನ ದುಡ್ಡಿನದು," ಎಂದಳು ಅವಳು.

"ನಿನ್ನ ದುಡ್ಡನ್ನ ನೀನೇ ಎತ್ತಿಟ್ಕೋ," ಒಳಗಿನಿಂದ ಬಂತು ಉತ್ತರ. "ನಾನಿನ್ನೂ ಸತ್ತಿಲ್ಲ, ನನ್ನ ಕೋಣೆಗೆ ಪರದೆ ಅಳತೆ ತಗೋಬೇಡ. ಕಾಜಾ ಹಾಕೋದು ನನ್ನ ಖುಷಿಗೆ. ಆಳು ಅಂತ ಕರೆಯೋಕೆ ನಿನ್ನ ಹತ್ತಿರ ಸಂಬಳ ಕೇಳಿದ್ನಾ?"

ಕೊನೆಯ ಬಾಟಲಿ ಹೊರಬಿದ್ದ ಮೇಲೆ ಬಾಗಿಲು ಮುಚ್ಚಿತು. ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

ನಾದಿನಿ ಬಂದಾಗ ಹಾಲಿನ ತುಂಬ ಬಾಟಲಿಗಳು ಬಿದ್ದಿದ್ದವು. ಚಿಕ್ಕ ಸೊಸೆ ಅವುಗಳ ನಡುವೆ ನಿಂತಿದ್ದಳು. ಒಂದನ್ನೂ ಎತ್ತಿರಲಿಲ್ಲ. ನಾದಿನಿ ಅವನ್ನು ದಾಟಿ ದಾಟಿ ಬಂದು, ಅಮ್ಮ ಒದ್ದೆ ಕೂದಲಲ್ಲಿ ಬಾಗಿಲು ತೆರೆಯುವುದನ್ನು ನೋಡಿದಳು. ಕುರ್ಚಿಯನ್ನು ಅಲ್ಲಾಡಿಸಿ ನೋಡಿದಳು, ಬಾಗಿಲು ಎರಡು ಸಲ ಮುಚ್ಚಿ ತೆರೆದಳು. ಅಮ್ಮನ ಬಟ್ಟೆ ತುಂಬಿಸಲು ತಂದಿದ್ದ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಸರಿ ಅತ್ತಿಗೆ, ಹಾಗಾದ್ರೆ ಅಮ್ಮ ಇಲ್ಲೇ ಇರಲಿ," ಎಂದಳು ದೊಡ್ಡ ಸೊಸೆಗೆ. ನಾಲ್ಕನೇ ಮಹಡಿಗೆ ಅಮ್ಮನನ್ನು ಹತ್ತಿಸುವ ಕಷ್ಟ ತಪ್ಪಿತೆಂಬ ನೆಮ್ಮದಿ ಅವಳ ಮುಖದಲ್ಲಿ ಕಾಣುತ್ತಿತ್ತು. ಒಂದು ಲೋಟ ನೀರು ಕುಡಿದು ಹೊರಟಳು, ಕೂರಲಿಲ್ಲ.

ಅಂದಿನಿಂದ ಬಚ್ಚಲಲ್ಲಿ ಯಾರೂ ಏನೂ ಇಡುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಸಾಬೂನು ಹಿಡಿದುಕೊಂಡು ಹೋಗುತ್ತಾರೆ, ಹಿಡಿದುಕೊಂಡು ಬರುತ್ತಾರೆ. ಚಿಕ್ಕ ಸೊಸೆಯ ಬಾಟಲಿಗಳು ಹಾಲಿನ ಮಂಚದ ಕೆಳಗೆ ಬುಟ್ಟಿಯಲ್ಲಿವೆ, ಬಂದು ಹೋಗುವವರ ಕಣ್ಣಿಗೆಲ್ಲ ಬೀಳುವಂತೆ. ದೊಡ್ಡ ಸೊಸೆ ಒಮ್ಮೆ ಬೀರುವಿನ ಎರಡು ಖಾನೆ ಖಾಲಿ ಮಾಡಿ, ಬೇಕಾದರೆ ಬೀಗ ಹಾಕಿಸಿಕೊಡುತ್ತೇನೆ, ಕೀಲಿ ನೀನೇ ಇಟ್ಟುಕೋ ಎಂದು ಹೇಳಿ ನೋಡಿದಳು. ಚಿಕ್ಕ ಸೊಸೆ ಕೇಳಿಸಿಕೊಂಡು, ತಲೆ ಬಾಚಿಕೊಳ್ಳುತ್ತಲೇ ಇದ್ದಳು.

ಅತ್ತೆ ಉಳಿದರು. ಕತ್ತರಿಸುವ ಮೇಜಿನ ಜಾಗ ಹೋಯಿತು, ಈಗ ದೊಡ್ಡ ಸೊಸೆ ಬಟ್ಟೆಯನ್ನು ಮಂಚದ ಮೇಲೆ ಹಾಸಿ ಬೆನ್ನು ಬಗ್ಗಿಸಿ ಕತ್ತರಿಸುತ್ತಾಳೆ. ಚಿಕ್ಕ ಸೊಸೆಗೆ ಕೋಣೆ ಸಿಗಲಿಲ್ಲ. ಅವಳು ದೊಡ್ಡ ಸೊಸೆಯನ್ನು ಅಕ್ಕ ಎಂದು ಕರೆಯುವುದನ್ನು ನಿಲ್ಲಿಸಿದಳು.