ನೆನೆಸಿಟ್ಟ ಗೋಧಿಹುಲ್ಲು

ರಸಾಯನಶಾಸ್ತ್ರವನ್ನು ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಕಲಿತ ನನ್ನಂಥವರು ಇಂಥದ್ದನ್ನು ಹೇಳಹೊರಟರೆ ತಪ್ಪು ನುಸುಳೀತು. ತಿಳಿದವರು ಕ್ಷಮಿಸಬೇಕು.

ಲೆನೋರ್‌ಗೆ ಆ ಬುಧವಾರ ತಲೆ ಚಿಟ್ಟುಹಿಡಿದಿತ್ತು. ಕೆನಡಾದ ಸಸ್ಕಾಚೆವಾನ್‌ ಪ್ರಾಂತ್ಯದ ಗೋಧಿ ಬೆಳೆಗಾರರ ಸಂಘ ಅವಳಿಗೆ ಒಪ್ಪಿಸಿದ್ದ ಕೆಲಸ ಇಷ್ಟೇ: ಕೊಯ್ಲಾದ ಮೇಲೆ ಉಳಿದ ಹುಲ್ಲನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಮೈಕ್ರೋವೇವ್‌ನಲ್ಲಿ ಕಾಯಿಸಿ, ಸಡಿಲವಾದ ನಾರಿಗೆ ಕಿಣ್ವ ಹಾಕಿ ಸಕ್ಕರೆ ಬಿಡಿಸುವುದು. ಶನಿವಾರ ಸಂಘದವರು ಬರುತ್ತಾರೆ. ಅಷ್ಟರೊಳಗೆ ಯೀಸ್ಟ್ ಆ ಸಕ್ಕರೆ ತಿಂದು ಜಾಡಿಯಲ್ಲಿ ಗುಳ್ಳೆ ಎಬ್ಬಿಸಿರಬೇಕು. ಇಲ್ಲವಾದರೆ ಕೆಲಸವೂ ಇಲ್ಲ, ಅವಳ ಸಂಬಳವೂ ಇಲ್ಲ.

ಆದರೆ ಅವಳು ತೊಟ್ಟಿಯಲ್ಲಿ ನೆನೆಸಿಟ್ಟಾಗಲೆಲ್ಲ, ಈ ಕೆಲಸಕ್ಕೆ ಜಾಗ ಕೊಟ್ಟಿದ್ದ ಶೆಡ್ಡಿನ ಯಜಮಾನ, ಮುದುಕ ಓರೆಸ್ಟ್, ಕವೆಗೋಲಿನಿಂದ ಹುಲ್ಲನ್ನೆತ್ತಿ ಬಿಸಿಲಿಗೆ ಹರಡಿಬಿಡುತ್ತಿದ್ದ. ಮೈಕ್ರೋವೇವ್ ಕಾಯಿಸುವುದೇ ಹುಲ್ಲಿನೊಳಗಿನ ನೀರನ್ನು. ಒಣಗಿದ್ದನ್ನು ಇಟ್ಟು ಏನು ಬಂತು? ಅವಳು ನಯವಾಗಿ ಹೇಳಿ ನೋಡಿದಳು, ಗದರಿ ನೋಡಿದಳು, ಕೊನೆಗೆ ತೊಟ್ಟಿಗೆ ಹಲಗೆ ಮುಚ್ಚಿ ಕಲ್ಲು ಹೇರಿದಳು. ಇವತ್ತು ಕಲ್ಲು ಗೋಡೆಯ ಪಕ್ಕ ಅಚ್ಚುಕಟ್ಟಾಗಿ ಕೂತಿತ್ತು, ಹುಲ್ಲು ಬಿಸಿಲಲ್ಲಿತ್ತು.

"ಯಾಕ್ ತಾತ ಹಿಂಗ್ ಹೊಟ್ಟೆ ಉರಿಸ್ತೀಯ?"

"ಉರಿಯೋದು ಶೆಡ್ಡು ಕಣಮ್ಮ. ಹಸಿ ಹುಲ್ಲು ಒಳಗೊಳಗೇ ಕಾಯುತ್ತೆ. ನಮ್ಮಣ್ಣನ ಕೊಟ್ಟಿಗೆ ಹಂಗೇ ಹೋಯ್ತು, ಹಸುಗಳ ಸಮೇತ."

"ಇದು ನೀರಲ್ಲಿ ಮುಳುಗಿರುತ್ತೆ. ಮುಳುಗಿದ್ದು ಉರಿಯುತ್ತಾ?"

"ನಮ್ಮಣ್ಣನೂ ಹಿಂಗೇ ವಾದ ಮಾಡ್ತಿದ್ದ."

ಅವಳಿಗೆ ಮಾತು ಸಾಕಾಯಿತು. ಮೊಳೆಗೆ ಅವನ ಉದ್ದನೆಯ ಸಲಾಕೆ ನೇತಾಡುತ್ತಿತ್ತು, ಹುಲ್ಲಿನ ಪೆಂಡಿಗೆ ಚುಚ್ಚಿ ಒಳಗಿನ ಬಿಸಿ ನೋಡುವಂಥದ್ದು. ಅದನ್ನು ತಂದು ಅವನ ಕೈಗೆ ತುರುಕಿದಳು. ಹುಲ್ಲನ್ನು ಮತ್ತೆ ನೆನೆಹಾಕಿದಳು.

"ತಗೋ, ಚುಚ್ಚಿ ನೋಡ್ತಾ ಕೂತಿರು. ಕಾದ್ರೆ ನೀನೇ ಎತ್ತಿ ಹಾಕು. ಕಾಯದೆ ಮುಟ್ಟಿದ್ಯೋ, ನಿನ್ನ ಕವೆಗೋಲು ಕೆರೆ ಪಾಲು."

ಓರೆಸ್ಟ್ ಕುರ್ಚಿ ಎಳೆದುಕೊಂಡು ತೊಟ್ಟಿಯ ಪಕ್ಕ ಕೂತ. ಅವಳು ಮನೆಗೆ ಹೋದ ಮೇಲೂ ಬಿಡಲಿಲ್ಲ. ಊಟಕ್ಕೆ ಕೂತರೆ ಫೋನು, ಪಾತ್ರೆ ತೊಳೆಯುತ್ತಿದ್ದರೆ ಫೋನು. ಪ್ರತಿ ಸಲವೂ ಅದೇ ಸುದ್ದಿ: ಇನ್ನೂ ತಣ್ಣಗಿದೆ. ಕಾಯದಿದ್ದರೆ ಫೋನ್ ಮಾಡಬೇಡ ಅಂದರೆ, ಕಾದ ಮೇಲೆ ಫೋನ್ ಮಾಡಿ ಏನು ಪ್ರಯೋಜನ ಅಂದ.

ಬೆಳಿಗ್ಗೆ ಹುಲ್ಲು ನೀರಿನಲ್ಲೇ ಇತ್ತು. ಮೈಕ್ರೋವೇವ್‌ನಿಂದ ಹಬೆಯಾಡುತ್ತ, ಮೆತ್ತಗಾಗಿ ಹೊರಬಂತು. ಅಂದೇ ಕಿಣ್ವ ಹಾಕಿದಳು, ಮರುದಿನ ಯೀಸ್ಟ್. ಶನಿವಾರ ಜಾಡಿಯಲ್ಲಿ ಗುಳ್ಳೆಗಳು ಒಂದೊಂದಾಗಿ ಏಳತೊಡಗಿದವು. ಸಂಘದವರು ಬಗ್ಗಿ ನೋಡಿದರು, ತಲೆಯಾಡಿಸಿದರು, ಓರೆಸ್ಟ್ ಬೇಯಿಸಿದ ಆಲೂಗಡ್ಡೆ ಕಡುಬು ತಿಂದು, ತಿಳಿಸುತ್ತೇವೆ ಎಂದು ಹೊರಟರು.

ಇನ್ನೂ ತಿಳಿಸಿಲ್ಲ. ಓರೆಸ್ಟ್‌ಗೆ ನಂಬಿಕೆ ಬಂತೋ ಇಲ್ಲವೋ ಅದೂ ಗೊತ್ತಿಲ್ಲ. ಸಲಾಕೆಯಂತೂ ಮೊಳೆಗೆ ವಾಪಸು ಹೋಗಿಲ್ಲ.