ಮಾಳಿಗೆಗೆ ಕೋಟೆಯ ಮಣ್ಣು

ದೇವದುರ್ಗದ ಕಡೆಯ ನಮ್ಮೂರಿನ ಮಣ್ಣಿನ ಕೋಟೆ ಈಗ ಸಂರಕ್ಷಿತ ಸ್ಮಾರಕ. ಅದರ ಕಾವಲುಗಾರ ನನ್ನ ಗಂಡ ಹನುಮೇಶ. ಖಾಕಿ ಅಂಗಿ ಸಿಕ್ಕ ದಿನದಿಂದ ಅವನ ನಡಿಗೆಯೇ ಬದಲಾಗಿದೆ, ಕೋಟೆಯನ್ನು ಅವರಪ್ಪನೇ ಕಟ್ಟಿಸಿದ ಹಾಗೆ.

ನಮ್ಮದು ಮಣ್ಣಿನ ಛಾವಣಿಯ ಮಾಳಿಗೆ ಮನೆ. ಮುಂಗಾರಿನ ಮೊದಲ ಮಿರಗದ ಮಳೆಗೆ ಮುಂಚೆ ಕೋಟೆಯ ಬುಡದಲ್ಲಿ ಉದುರಿದ ಮಣ್ಣು ತಂದು ಮಾಳಿಗೆಗೆ ಹರವಿ ತುಳಿಯುವುದು ಈ ಊರಿನ ಹೆಂಗಸರ ಕೆಲಸ. ಆ ಮಣ್ಣು ಬಿದ್ದರೆ ಮನೆ ಸೋರುವುದಿಲ್ಲ. ಈ ಸಲ ಮನೆಯಲ್ಲಿ ನನ್ನ ಹಸಿಗೂಸು ಬೇರೆ ಇತ್ತು. ಅತ್ತೆ ಬೂದೆಮ್ಮ ಬುಟ್ಟಿ ಹೊತ್ತು ಹೋದಳು. ಅದೇ ಹೊತ್ತಿಗೆ ಕೋಟೆ ನೋಡಿಕೊಳ್ಳುವ ಇಲಾಖೆಯ ರಾಯಚೂರಿನ ಸಾಹೇಬರ ಜೀಪು ಬರಬೇಕೇ!

"ಯವ್ವಾ, ಸುರುವು ಅಲ್ಲೇ. ಕೇಸ್ ಆಗ್ತದ," ಎಂದು ಹನುಮೇಶ ಹೆತ್ತ ತಾಯಿಯನ್ನೇ ಗದರಿದ. ಮುದುಕಿ ಮಣ್ಣು ಸುರುವಿ, ಸೆರಗನ್ನೂ ಕೊಡವಿ ಬಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ವಾರ ಜೆಸಿಬಿ ಬಂತು. ನೋಡಲು ಬರುವವರ ಕಾರು ಒಳಗೆ ಹೋಗಬೇಕಂತೆ! ಗೋಡೆಯನ್ನೇ ಒಡೆದು ದಾರಿ ಮಾಡಿ, ಮಣ್ಣನ್ನು ಟಿಪ್ಪರಿನಲ್ಲಿ ಸಾಗಿಸಿದರು. ಗೇಟು ತೆಗೆದುಕೊಟ್ಟವನು ನನ್ನ ಗಂಡನೇ.

"ಇದಕ್ಕ ಕೇಸಿಲ್ಲೇನು?" ಎಂದೆ.

"ಅದು ಸರ್ಕಾರದ ಕೆಲಸ. ನಿನಗ ತಿಳಿಯಂಗಿಲ್ಲ, ಸುಮ್ನಿರು."

"ಕೂಸಿನ ತೆಲಿ ಮ್ಯಾಲ ನೀರು ಬಿದ್ರ ನಿನಗ ತಿಳೀತದೇನು?"

ಒಂದು ಮಧ್ಯಾಹ್ನ ಮಳೆ ಸುರಿದೇ ಬಿಟ್ಟಿತು. ತೊಟ್ಟಿಲನ್ನು ಎತ್ತ ಸರಿಸಿದರೂ ಅತ್ತಲೇ ಹನಿ. ಕೂಸಿನ ತಲೆಗೆ ಕಟ್ಟಿದ ಕುಂಚಿಗೆಯೂ ನೆನೆದಾಗ ನನ್ನ ತಾಳ್ಮೆ ಮುಗಿಯಿತು. ಕೂಸನ್ನು ಕಂಬಳಿಯಲ್ಲಿ ಅವುಚಿಕೊಂಡು, ಅತ್ತೆಯನ್ನು ಕರೆದುಕೊಂಡು ಕೋಟೆಗೆ ನಡೆದೆ. ಅಲ್ಲಿ ಹೊಸದಾಗಿ ಕಟ್ಟಿದ ಟಿಕೆಟ್ ಕೋಣೆಗೆ ಸಿಮೆಂಟಿನ ಛತ್ತು. ಒಳಗೆ ಒಂದು ಹನಿ ನೀರಿಲ್ಲ. ಮೇಜಿನ ಮೇಲೆ ಕೂಸನ್ನು ಮಲಗಿಸಿದೆ.

ಹನುಮೇಶ ಓಡಿ ಬಂದ. "ಹುಚ್ಚು ಹಿಡದದೇನು? ಸಾಹೇಬ್ರು ಬರಾಕತ್ತಾರ, ನನ್ನ ನೌಕ್ರಿ ಹೋಗ್ತದ!"

ಇಷ್ಟು ದಿನ ಬಾಯಿ ಬಿಡದ ಅತ್ತೆ ಎದ್ದು ನಿಂತಳು.

"ಬರ್ಲಿ. ದಂಡು ಬಂದಾಗ ಹೆಂಗಸ್ರು ಮಕ್ಳು ಒಳಗ ಉಳೀಲಿ ಅಂತ ಕಟ್ಟ್ಯಾರ ಈ ಕೋಟಿ. ಈಗ ಒಳಗ ನಾವದೀವಿ. ನೀ ಕಾವಲುಗಾರ ಹೌದಿಲ್ಲೋ? ಬಾಗಿಲದಾಗ ನಿಂದ್ರು."

ಜೀಪು ಬಂದು ನಿಂತಿತು. ಹನುಮೇಶ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಕೂಸನ್ನು ನೋಡಿದ. ಆಮೇಲೆ ಹೊರಗೆ ಹೋಗಿ, ಎರಡೂ ಕೈ ಚೌಕಟ್ಟಿಗೆ ಊರಿ ಅಡ್ಡ ನಿಂತ.

"ಒಳಗ ಬಾಣಂತಿ ಅದಾಳ್ರೀ ಸರ," ಎಂದ. "ಬರಬ್ಯಾಡ್ರಿ."